ಗೊತ್ತಿಲ್ಲ ಅನ್ನೋದಕ್ಕೊಂದು ಜಾಗ

ಹಸಿರು, ಹಸಿರು, ಇದೂ ಹಸಿರು, ಪರದೆಯ ಎಡಗಡೆ ಸಾಲಾಗಿ ಇಳಿಯೋ ಈ ಗುರುತುಗಳನ್ನ ನೋಡ್ತಾ ನೋಡ್ತಾ ಕಣ್ಣಿಗೆ ಜೋಂಪು ಹತ್ತುತ್ತೆ, ಇನ್ನೂರು ಟಿಪ್ಪಣಿ, ಇನ್ನೂರಕ್ಕೂ ಹಸಿರು, ಅಂದ್ರೆ ನಮ್ಮ ಕಂಸನ ತಪಾಸಣೆ ಪ್ರೋಗ್ರಾಂಗೆ ಒಂದು ಕೊಂಕೂ ಸಿಕ್ಕಿಲ್ಲ, ತೆರೆದ ಕಂಸವೆಲ್ಲ ಮುಚ್ಚಿದೆ, ಅಲ್ಪವಿರಾಮ ಬೀಳಬೇಕಾದ ಕಡೆ ಬಿದ್ದಿದೆ, ಹೆಸರಿನ ಜಾಗದಲ್ಲಿ ಹೆಸರು, ವಯಸ್ಸಿನ ಜಾಗದಲ್ಲಿ ಅಂಕಿ — ದಿನವಿಡೀ ಕಂಸ ಸರಿಯಿದ್ಯಾ ಅಂತ ನೋಡೋದೇ ಕೆಲಸ ಆದ್ದರಿಂದ ಅದನ್ನ ಬರೆದ ಹುಡುಗನಿಗೆ ಆ ಹೆಸರು ಬಿತ್ತು, ಹೆಸರಿಗಷ್ಟೇ ಕಂಸ, ಸಂಜೆ ಆದ್ರೆ ತಂಗಿ ಮಗೂನ ಹೆಗಲ ಮೇಲೆ ಕೂರಿಸ್ಕೊಂಡು ಬೀದಿ ಸುತ್ತೋ ಸಾಧು ಪ್ರಾಣಿ — ನರ್ಸುಗಳು ಅವಸರದಲ್ಲಿ ಗೀಚಿದ್ದನ್ನ ಈ ಎಐ ಮಾಡೆಲ್ ಓದಬೇಕು, ಓದಿ ಹದಿನಾಲ್ಕು ಚೌಕದ ಫಾರ್ಮ್ ತುಂಬಬೇಕು, ಆಸ್ಪತ್ರೆಯ ಕಂಪ್ಯೂಟರ್ ಅದನ್ನ ಹಾಗೇ ಎತ್ಕೊಳ್ಳುತ್ತೆ, ಆಕಾರ ಸರಿಯಿದ್ಯಾ ಅಂತ ಕಂಸನ ಪ್ರೋಗ್ರಾಂ ನೋಡುತ್ತೆ, ಒಳಗಿರೋ ಮಾತು ಸರಿಯಿದ್ಯಾ ಅಂತ ನಾನು, ಮೇಡಂ ನಿಮಗೆ ಪ್ರೋಗ್ರಾಂ ಬರೆಯೋಕೆ ಬರದಿದ್ರೂ ಪರವಾಗಿಲ್ಲ, ಹದಿನೆಂಟು ವರ್ಷ ಆಸ್ಪತ್ರೆಯ ದಾಖಲಾತಿ ಕೌಂಟರಿನಲ್ಲಿ ಕೂತವರು, ನಿಮ್ಮ ಕಣ್ಣು ಬೇಕು ಅಂದಿದ್ರು ಮ್ಯಾನೇಜರು, ಆ ಕಣ್ಣು ಈಗ ನಲವತ್ತೊಂದನೇ ಟಿಪ್ಪಣಿ ಮೇಲೆ ನಿಂತುಬಿಟ್ಟಿದೆ, ಎಪ್ಪತ್ತರ ಹೆಂಗಸು, ರಸ್ತೇಲಿ ಬಿದ್ದಿದ್ದಾರೆ, ತಲೆಗೆ ಪೆಟ್ಟು, ಮಾತಾಡೋ ಸ್ಥಿತಿಯಲ್ಲಿಲ್ಲ, ಕರ್ಕೊಂಡು ಬಂದವರು ಪರಿಚಯದವರಲ್ಲ — ಅಷ್ಟೇ ಇರೋದು, ಆದ್ರೆ ಫಾರ್ಮಿನಲ್ಲಿ, ಹತ್ತನೇ ಚೌಕ, ಒಗ್ಗದ ಔಷಧಿ: ಇಲ್ಲ. ಇಲ್ಲವಂತೆ. ಯಾರು ಹೇಳಿದ್ರು ನಿನಗೆ? ಆಯಮ್ಮ ಬಾಯಿ ಬಿಟ್ಟಿಲ್ಲ, ಮನೆಯವರು ಬಂದಿಲ್ಲ, ನರ್ಸ್ ಬರೆದಿಲ್ಲ, ನೀನೆಲ್ಲಿಂದ ತಂದೆ ಈ ಇಲ್ಲಾನ, ಪಕ್ಕದಲ್ಲಿ ಅದೇ ಹಸಿರು ಗುರುತು, ಮತ್ತೆ ಮೊದಲಿಂದ ನೋಡಿದೆ, ಅರವತ್ತೇಳರಲ್ಲಿ ಹಾಗೇ, ತೊಂಬತ್ತರಲ್ಲಿ ಹಾಗೇ, ಊಟದ ಹೊತ್ತು ಮೀರಿತು, ಒಟ್ಟು ಹತ್ತೊಂಬತ್ತು.

ಕಂಸ ತಲೆ ಕೆರ್ಕೊಂಡ, ಅಕ್ಕಾ, ಆ ಚೌಕ ಖಾಲಿ ಬಿಡೋ ಹಾಗಿಲ್ಲ ಅಂತ ನಿಯಮ ಬರೆದೋನು ನಾನೇ, ಖಾಲಿ ಬಿಟ್ರೆ ಕೆಂಪು ಗುರುತು, ಕೆಂಪು ಬಿದ್ರೆ ಮಾಡೆಲ್‌ಗೆ ಅಂಕ ಹೋಗುತ್ತೆ, ಏನೋ ಒಂದು ತುಂಬೋದು ವಾಸಿ ಅಂತ ಕಲ್ತಿರಬೇಕು — ಅಂದ್ರೆ ಗೊತ್ತಿಲ್ಲ ಅಂದವರಿಗೆ ಸೊನ್ನೆ, ಊಹೆ ಮಾಡಿ ತುಂಬಿದವರಿಗೆ ನೂರಕ್ಕೆ ನೂರು, ಪಾಪ ಮುಖ ಸಣ್ಣಗಾಯ್ತು ಅವನದು, ನಾನು ಬೈಯಲಿಲ್ಲ, ಯಾವ ಬಾಯಲ್ಲಿ ಬೈಯಲಿ, ಇಪ್ಪತ್ತಾರನೇ ವಯಸ್ಸಲ್ಲಿ ನಾನು ಮಾಡಿದ್ದೂ ಇದೇ ಅಲ್ವಾ, ಬೆಳಗ್ಗೆ ಹತ್ತೂವರೆ, ಕೌಂಟರಿನ ಮುಂದೆ ಬಾಗಿಲವರೆಗೂ ಸಾಲು, ಅದರಲ್ಲಿ ಹೊಲಿಗೆಯವರೊಬ್ರು, ಕುತ್ತಿಗೆಯಲ್ಲಿ ಅಳತೆ ಟೇಪು ಹಾಗೇ ನೇತಾಡ್ತಿತ್ತು, ಒಂದು ಕೈ ಎದೆ ಮೇಲೆ, ಉಸಿರು ಸಿಗ್ತಿಲ್ಲ, ಜೊತೆಗೆ ಯಾರೂ ಇಲ್ಲ, ಹೆಸರು ಹೇಗೋ ಹೇಳಿದ್ರು, ವಯಸ್ಸು ಬೆರಳಲ್ಲಿ ತೋರಿಸಿದ್ರು, ಯಾವುದಾದ್ರೂ ಔಷಧಿ ಆಗಲ್ವಾ ನಿಮಗೆ ಅಂತ ಕೇಳಿದೆ, ತಲೆ ಅಲ್ಲಾಡಿಸಿದ್ರು, ಆಗದ್ದು ಯಾವುದೂ ಇಲ್ಲ ಅಂತಲೋ, ಗೊತ್ತಿಲ್ಲ ಅಂತಲೋ, ಮಾತಾಡೋಕಾಗ್ತಿಲ್ಲ ಬಿಡಮ್ಮ ಅಂತಲೋ, ಇನ್ನೊಂದು ಸಲ ಕೇಳಬಹುದಿತ್ತು, ಹಿಂದಿನವರು ಗೊಣಗ್ತಿದ್ರು, ಆ ಚೌಕ ತುಂಬದೆ ಪರದೆ ಮುಂದಕ್ಕೆ ಹೋಗ್ತಿರಲಿಲ್ಲ, ಇಲ್ಲ ಅಂತ ಒತ್ತಿದೆ, ಪರದೆ ಹೋಯ್ತು, ಅವರೂ ಒಳಗೆ ಹೋದ್ರು, ಒಳಗಿನವರು ನನ್ನ ಇಲ್ಲಾನ ನಂಬಿ ಚುಚ್ಚುಮದ್ದು ಕೊಟ್ರು, ಗಂಟಲು ಊದ್ಕೊಳ್ತು, ಮೂರನೇ ದಿನ ತೀರ್ಕೊಂಡ್ರು. ವಿಚಾರಣೆ ಆಯ್ತು, ಫಾರ್ಮ್ ಪೂರ್ತಿಯಾಗಿದೆ, ಕೌಂಟರಿನ ಕಡೆಯಿಂದ ಲೋಪವಿಲ್ಲ ಅಂತ ಬರೆದ್ರು, ಅದನ್ನ ಓದಿ ನನಗೆ ಸಮಾಧಾನ ಆಯ್ತಲ್ಲ, ಒಂದು ಗಳಿಗೆಯಾದ್ರೂ ಆಯ್ತಲ್ಲ, ಅದು ಈಗಲೂ ಚುಚ್ಚುತ್ತೆ.

ಮೂರು ಗಂಟೆಗೆ ವರದಿಗೆ ನನ್ನ ಸಹಿ ಆಗಬೇಕಿತ್ತು, ಮ್ಯಾನೇಜರ್ ಕೋಣೆಯಲ್ಲಿ ಫ್ಯಾನು ಕಿರುಗುಟ್ಟುತ್ತಾ ಇತ್ತು, ನಾವು ಒಪ್ಪಿಕೊಂಡಿದ್ದು ಆಕಾರ ಸರಿಯಿರುತ್ತೆ ಅಂತ ಮೇಡಂ, ಅದು ಸರಿಯಿದೆ, ಈ ಹತ್ತೊಂಬತ್ತನ್ನ ವರದಿಯ ಕೊನೆಯಲ್ಲಿ ಒಂದು ಸಾಲಲ್ಲಿ ಹೇಳಿದ್ರಾಯ್ತು ಅಂದ್ರು, ಕೆಟ್ಟವರಲ್ಲ, ಅವರ ತಲೆ ಮೇಲೂ ಯಾರೋ ಕೂತಿದ್ದಾರೆ, ಸರ್ ಇದಕ್ಕೆ ನಾನು ಸಹಿ ಹಾಕಲ್ಲ ಅಂದೆ, ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸ್ತು, ಆಮೇಲೆ ಹೊಲಿಗೆಯವರ ವಿಷಯ ಹೇಳಿದೆ, ಇಪ್ಪತ್ತೆರಡು ವರ್ಷ ಯಜಮಾನರ ಹತ್ತಿರವೂ ಬಾಯಿ ಬಿಡದೇ ಇದ್ದದ್ದನ್ನ, ತಲೆ ಅಲ್ಲಾಡಿಸಿದ್ದು, ಹಿಂದಿನವರು ಗೊಣಗಿದ್ದು, ನಾನು ಒತ್ತಿದ್ದು, ಎಲ್ಲಾ, ಅವರು ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ, ಕೊನೆಗೆ ಕೇಳಿದ್ರು, ನಿಮಗೇನು ಬೇಕು ಈಗ. ಗೊತ್ತಿಲ್ಲ ಅನ್ನೋದಕ್ಕೊಂದು ಜಾಗ ಬೇಕು ಸರ್, ಅದನ್ನ ತುಂಬಿದ್ರೆ ಅಂಕ ಕಳೀಬಾರದು, ಗೊತ್ತಿಲ್ಲದೆ ಇಲ್ಲ ಅಂದ್ರೆ ಮಾತ್ರ ಕಳೀಬೇಕು. ಆಸ್ಪತ್ರೆಯವರಿಗೆ ಫೋನ್ ಮಾಡಿದ್ರು, ಆ ಕಡೆಯವರು ಗೊಣಗಿದ್ದು ನನಗೂ ಕೇಳಿಸ್ತು, ನಾಳೆ ಶುರುವಾಗಬೇಕಾದದ್ದು ಈಗ ಹೇಳ್ತೀರಲ್ಲ ಅಂತ, ಆದ್ರೂ ಒಂದು ವಾರ ಕೊಟ್ರು, ಕಂಸ ಹತ್ತೇ ನಿಮಿಷದಲ್ಲಿ ನಿಯಮ ಬದಲಾಯಿಸಿದ, ಹತ್ತೊಂಬತ್ತನ್ನೂ ಮತ್ತೆ ಓಡಿಸಿದ್ವಿ, ಮೂವರೂ ಒಂದೇ ಪರದೆಗೆ ಬಗ್ಗಿ, ಗೊತ್ತಿಲ್ಲ, ಗೊತ್ತಿಲ್ಲ, ಗೊತ್ತಿಲ್ಲ, ಆ ಪದ ಇಷ್ಟು ಚೆಂದ ಕಾಣುತ್ತೆ ಅಂತ ಯಾರಿಗೆ ಗೊತ್ತಿತ್ತು, ಹದಿನೇಳರಲ್ಲಿ ಗೊತ್ತಿಲ್ಲ ಅಂತು, ಎರಡರಲ್ಲಿ ಮಾತ್ರ ಇನ್ನೂ ಹಠ ಹಿಡಿದು ಇಲ್ಲ, ಹದಿನೇಳು ಬಂತಲ್ಲ ಮೇಡಂ ಅಂದ್ರು ಮ್ಯಾನೇಜರು, ಎರಡು ಉಳೀತಲ್ಲ ಸರ್ ಅಂದೆ, ಅವರು ನಕ್ಕರು, ಸುಸ್ತಾದ ನಗು, ಸರಿ ಬರೀರಿ ಅಂದ್ರು, ಬರೆದೆ, ಆಕಾರ ಸರಿಯಿದೆ, ಫಾರ್ಮ್ ಬಳಸೋಕೆ ಯೋಗ್ಯವಲ್ಲ, ಕೆಳಗೆ ನನ್ನ ಸಹಿ.

ಐದೂವರೆ, ಕಂಸ ಹೊರಟ, ಅಕ್ಕಾ ನೀವೂ ಏಳಿ, ನಾಳೆ ಆ ಎರಡನ್ನ ಹಿಡ್ಕೊಂಡು ಕೂರೋಣ ಅಂದ, ಹೂಂ ಅಂದೆ, ಪರದೆ ಆರಿಸಿದೆ, ಚೀಲ ಹೆಗಲಿಗೆ ಹಾಕ್ಕೊಂಡೆ, ಕೆಲಸ ಮುಗೀತಲ್ಲ, ಸರಿಯಾಗೇ ಮುಗೀತಲ್ಲ, ಇನ್ನು ಆ ನೆನಪು ಬರಲ್ಲ ಅಂದ್ಕೊಂಡ್ರೆ ಇವತ್ತೂ ಬರ್ತಿದೆ, ಯಾವತ್ತೂ ಬರೋದು ಇದೊಂದೇ, ಹೊಲಿಗೆಯವರು ಒಳಗೆ ಹೋಗಿ ಕಾಲು ಗಂಟೆ ಆಗಿರಬೇಕು, ಚುಚ್ಚುಮದ್ದು ಆಗಲೇ ಕೊಟ್ಟಾಗಿತ್ತಂತೆ, ಅವರ ಮಗಳು ಸಾಲನ್ನ ಸೀಳ್ಕೊಂಡು ಓಡಿ ಬಂದಳು, ನನ್ನದೇ ವಯಸ್ಸು, ಗಾಜಿನ ಕೆಳಗಿನ ಕಿಂಡಿಯಲ್ಲಿ ಕೈ ತೂರಿಸಿದಳು, ಬೆರಳ ಸಂದಿಯಲ್ಲಿ ನಾಲ್ಕು ಮಡಿಕೆಯ ಹಳೇ ಚೀಟಿ, ಅದರ ಮೇಲೆ ಕೆಂಪು ಶಾಯಿ, ಅಕ್ಕಾ ನಮ್ಮಪ್ಪಂಗೆ ಈ ಔಷಧಿ ಆಗಲ್ಲ, ಬರ್ಕೊಳ್ಳಿ, ನಾನು ಪರದೆ ತೆರೀತೀನಿ, ಫಾರ್ಮ್ ಪೂರ್ತಿಯಾಗಿದೆ, ಬದಲಾಯಿಸಲಾಗದು ಅನ್ನುತ್ತೆ, ಮತ್ತೆ ಒತ್ತುತ್ತೀನಿ, ಕಿಂಡಿಯಲ್ಲಿ ಆ ಕೈ, ಬರ್ಕೊಂಡ್ರಾ ಅಕ್ಕಾ, ಕಿಂಡಿಯಲ್ಲಿ ಆ ಕೈ, ಚೀಟಿ, ಆ ಕೈ —