ಕೋದಂಡಪ್ಪನ ಸರ್ಟಿಫಿಕೇಟು

ಸಾವಿರದ ಒಂಬೈನೂರ ತೊಂಬತ್ತೆರಡರ ಫೆಬ್ರವರಿ ಮೊದಲ ವಾರ. ಬಂಗಾರಪೇಟೆಯ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳುತ್ತಿದ್ದ ವೆಂಕಟರತ್ನಮ್ಮನನ್ನು ಗುಮಾಸ್ತ ಕುಪ್ಪುಸ್ವಾಮಿ ಮಧ್ಯಾಹ್ನದ ಬಿಡುವಿನಲ್ಲಿ ಕರೆಸಿಕೊಂಡ.

"ಈ ಸಲ ನಿಮ್ಗೂ ಟ್ಯಾಕ್ಸ್ ಬಿತ್ತು ಮೇಡಂ," ಎಂದ. "ಬಡ್ತಿ ಹಿಂಬಾಕಿ ಒಂದೇ ಕಂತಲ್ಲಿ ಬಂತಲ್ಲ, ಅದ್ರಿಂದ. ವರ್ಷದ್ದೆಲ್ಲ ಈ ತಿಂಗಳ ಸಂಬಳದಲ್ಲೇ ಹಿಡೀಬೇಕು. ಕೈಗೆ ಬರೋದು ಅಷ್ಟರಲ್ಲೇ ಐತೆ."

ಆಕೆ ಹಿಂಬಾಕಿ ಬಂದ ವಾರದಲ್ಲೇ ಸೋರುತ್ತಿದ್ದ ಮನೆಗೆ ಶೀಟು ಹಾಕಿಸಿ ಕೈ ಬರಿದು ಮಾಡಿಕೊಂಡಿದ್ದಳು.

"ಎಲ್ಐಸಿ ಕಟ್ತೀನಲ್ಲಪ್ಪ, ಪಿಎಫ್ ಹಿಡೀತಾರಲ್ಲ?"

"ಅದನ್ನೆಲ್ಲ ಸೇರಿಸೇ ಹೇಳ್ತಿರೋದು. ಅದು ತೆರಿಗೇಲಿ ಕಳೆಯೋದು ಮೇಡಂ, ಕಟ್ಟಿದ್ದರಲ್ಲಿ ನೂರಕ್ಕೆ ಇಪ್ಪತ್ತು, ಅಷ್ಟೇ. ಆದಾಯದಲ್ಲೇ ಕಳೆಯೋವಂಥದ್ದು ಏನಾದ್ರೂ ಇದ್ರೆ ಹೇಳಿ. ಆಗ ತೆರಿಗೆ ಹಾಕೋ ಮೊತ್ತವೇ ಇಳೀತದೆ." ಅವನು ಪೆನ್ನಿನ ಕ್ಯಾಪು ಹಾಕಿ ದನಿ ತಗ್ಗಿಸಿದ. "ನಿಮ್ಮಣ್ಣಂಗೆ ಕಣ್ಣು ಕಾಣಲ್ಲ ಅಲ್ವಾ? ಔಷಧಿ ಖರ್ಚೂ ನಿಮ್ದೇ. ಅವರು ನಿಮ್ಮ ಮೇಲೇ ಅವಲಂಬಿತರು ಅಂತ ಬರೆದುಕೊಟ್ಟು, ಸರ್ಕಾರಿ ಡಾಕ್ಟರ ಸರ್ಟಿಫಿಕೇಟು ಇಡಿ. ಅದಕ್ಕೊಂದು ಕಡಿತ ಐತೆ. ಇಪ್ಪತ್ತನೇ ತಾರೀಕಿನ ಒಳಗೆ ಬೇಕು."

ಅಣ್ಣ ಕೋದಂಡಪ್ಪ ಉರಿಗಾಂನಲ್ಲಿ ಚಿನ್ನದ ಗಣಿ ಕೆಲಸಕ್ಕಿದ್ದವನು. ಒಂಬತ್ತು ವರ್ಷದ ಹಿಂದೆ ನೆಲದಾಳದಲ್ಲಿ ಬಂಡೆ ಸಿಡಿದು ಎರಡು ಕಣ್ಣನ್ನೂ ಕಳೆದುಕೊಂಡಿದ್ದ. ಹೆಂಡತಿ ಅದಕ್ಕೂ ಮೊದಲೇ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಮದುವೆಯಾಗದೆ ಉಳಿದಿದ್ದ ತಂಗಿಯ ಮನೆಗೆ ಬಂದವನು ಎರಡು ಹಸು ಕಟ್ಟಿಕೊಂಡ. ಕೈಯಲ್ಲಿ ತಡವಿಯೇ ಹುಲ್ಲು ಹಾಕುತ್ತಿದ್ದ, ಹಾಲು ಕರೆಯುತ್ತಿದ್ದ. ತಿಂಗಳ ಕೊನೆಗೆ ಹಿಂಡಿ ಬೂಸಾ ಕಳೆದು ಉಳಿದ ನೂರೋ ನೂರೈವತ್ತೋ ತಂದು ತಂಗಿಯ ಕೈಗಿಡುವಾಗ ಅವನ ಬೆನ್ನು ನೆಟ್ಟಗಾಗುತ್ತಿತ್ತು. ಆಕೆಯನ್ನು ಕಾಲೇಜು ಓದಿಸಿ ಮೇಷ್ಟರ ಕೆಲಸದ ತರಬೇತಿಗೆ ಕಳಿಸಿದ್ದು ಅವನ ಗಣಿ ಕೂಲಿ.

ಅಂಥವನ ಮುಂದೆ ಆ ಮಾತು ಎತ್ತುವುದು ಹೇಗೆ? ಮೂರು ದಿನ ಆಕೆ ಬಾಯಿ ಬಿಡಲಿಲ್ಲ. ನಾಲ್ಕನೆಯ ದಿನ ಊಟಕ್ಕೆ ಕೂತಾಗ, "ಅಣ್ಣ, ಕೋಲಾರದಾಗೆ ಹೊಸ ಕಣ್ಣಿನ ಡಾಕ್ಟ್ರು ಬಂದವ್ರಂತೆ. ಒಂದು ಸಲ ತೋರಿಸ್ಕೊಂಡು ಬರೋಣ" ಅಂದುಬಿಟ್ಟಳು.

ತುತ್ತು ಹಿಡಿದಿದ್ದ ಅವನ ಕೈ ಹಾಗೇ ನಿಂತಿತು. "ಒಳ್ಳೇ ಡಾಕ್ಟ್ರಾ?"

"ಊಂ, ಅಂತಾರೆ."

ಅಷ್ಟು ಸಾಕಾಯಿತು ಅವನಿಗೆ. ಮಾರನೆಯ ದಿನ ಕ್ಷೌರ ಮಾಡಿಸಿಕೊಂಡ. ಹಾಲು ಕೊಳ್ಳುವವರಿಗೆಲ್ಲ, "ಕಣ್ಣು ತೋರಿಸ್ಕೊಂಡು ಬತ್ತೀನಿ, ನಾಳೆ ಪಕ್ಕದ ಮನೆ ಮುನಿಗಂಗಮ್ಮ ಆಲು ಕರೀತಾಳೆ" ಎಂದು ಹೇಳಿಬಂದ. "ಆಪರೇಷನ್ ಅಂದ್ರೆ ಎಷ್ಟು ದಿನ ಮಲಗಿರಬೇಕಂತೆ?" ಎಂದು ತಂಗಿಯನ್ನು ಎರಡೆರಡು ಸಲ ಕೇಳಿದ. ಆಕೆ ಒಲೆಯ ಕಡೆ ತಿರುಗಿ, "ಮೊದ್ಲು ನೋಡ್ಲಿ" ಎಂದಳು. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡಬೇಕೆಂದು ನಾಲಿಗೆಯ ತುದಿಗೆ ಬಂದದ್ದು ಅಲ್ಲೇ ಉಳಿಯಿತು.

ಸರ್ಕಾರಿ ಆಸ್ಪತ್ರೆಯಲ್ಲಿ ಒಂದೂವರೆ ತಾಸು ಬೆಂಚಿನ ಮೇಲೆ ಕಾದರು. ಕೋದಂಡಪ್ಪ ಇಸ್ತ್ರಿ ಮಾಡಿದ ಅಂಗಿಯ ಅಂಚನ್ನು ಮತ್ತೆ ಮತ್ತೆ ಎಳೆದು ಸರಿಮಾಡಿಕೊಳ್ಳುತ್ತಿದ್ದ. ಒಳಗೆ ಡಾಕ್ಟರು ಟಾರ್ಚು ಬಿಟ್ಟು, ರೆಪ್ಪೆ ಮೇಲೆತ್ತಿ ನೋಡಿದರು.

"ಎರಡೂ ಪೂರ್ತಿ ಹೋಗಿವೆ. ಚೀಟೀಲಿ ಸರ್ಟಿಫಿಕೇಟು ಬೇಕು ಅಂತ ಬರೆಸಿದ್ದೀರಲ್ಲ, ಯಾವುದಕ್ಕಮ್ಮ?"

ವೆಂಕಟರತ್ನಮ್ಮನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. "ಆದಾಯ ತೆರಿಗೆಗೆ ಸಾರ್."

"ಇವರು ನಿಮ್ಮ ಮೇಲೇ ಅವಲಂಬಿತರಾ? ಗಳಿಕೆ ಏನಾದ್ರೂ ಉಂಟಾ?"

"ಇಲ್ಲ ಸಾರ್," ಎಂದಳು.

ಅಣ್ಣನ ಮುಖ ನೋಡುವ ಧೈರ್ಯ ಆಕೆಗಾಗಲಿಲ್ಲ. ಡಾಕ್ಟರು ಬರೆದು ಮೊಹರು ಒತ್ತಿದರು. ಹೊರಗೆ ಬಂದು ಆಕೆ ಎಂದಿನಂತೆ ಮೊಣಕೈ ಹಿಡಿಯಹೋದರೆ ಅವನು ಮೆಲ್ಲಗೆ ಬಿಡಿಸಿಕೊಂಡು, ಗೋಡೆ ಸವರುತ್ತ ಮೆಟ್ಟಿಲು ಇಳಿದ. ಬಂಗಾರಪೇಟೆಯ ಬಸ್ಸಿನಲ್ಲಿ ಆಕೆಯಿಂದ ಸರಿದು ಕಿಟಕಿಗೆ ಒತ್ತಿ ಕೂತ.

ಮನೆಯಲ್ಲಿ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ ಕೂತ. "ಏನು ಬರೆದವ್ರೆ, ಓದಿ ಏಳು."

ಆಕೆ ಸರ್ಟಿಫಿಕೇಟು ಓದಿದಳು. ಆಮೇಲೆ ಕುಪ್ಪುಸ್ವಾಮಿ ಆಕೆಯ ಸಹಿಗೆಂದು ಬರೆದುಕೊಟ್ಟಿದ್ದ ಹಾಳೆಯನ್ನೂ ಓದಿದಳು. 'ಇವರು ಸಂಪೂರ್ಣವಾಗಿ ನನ್ನ ಮೇಲೆ ಅವಲಂಬಿತರಾಗಿದ್ದು' ಎಂಬಲ್ಲಿಗೆ ಬಂದಾಗ ಅವನು ಕೈಯೆತ್ತಿ ತಡೆದ.

"ಆಲಿನ ದುಡ್ಡು ಎಲ್ಲೋಯ್ತು ಅದ್ರಾಗೆ?"

"ಅಣ್ಣ, ತಪ್ಪಾಯ್ತು. ಸಂಬಳ ಪೂರ್ತಿ ಓಗ್ತದಲ್ಲ ಅಂತ..."

"ಸಂಬಳ ಓಗ್ತದೆ ಅಂತ ಏಳಿದ್ರೆ ನಾನು ಬರ್ತಿರಲಿಲ್ವಾ?" ಅವನು ಗದರಲಿಲ್ಲ, ದನಿ ಎತ್ತಲೂ ಇಲ್ಲ. "ಆ ಕಾಗದಕ್ಕೆ ಬರ್ತಿದ್ದೆ ಕಣಮ್ಮಾ. ಕುಂಟ ಅನ್ನು, ಕುರುಡ ಅನ್ನು, ಸರ್ಕಾರದ ಮುಂದೆ ನಿಂತ್ಕೊತಿದ್ದೆ. ಕಣ್ಣು ಬರ್ತದೆ ಅಂತ ಯಾಕೆ ಕರ್ಕೊಂಡೋದೆ?"

ಆಕೆ ಅತ್ತಳು. ಅವನು ಸಮಾಧಾನ ಹೇಳಲಿಲ್ಲ. "ಆಲಿನ ದುಡ್ಡು ಬರಿ. ಬರೆದು ಕೊಡು. ಅವ್ರು ಬೇಡ ಅಂದ್ರೆ ಬಿಡು" ಎಂದು ಹಸುವಿನ ಕಡೆ ಎದ್ದುಹೋದ.

'ಸಂಪೂರ್ಣವಾಗಿ' ಎಂಬುದನ್ನು ಹೊಡೆದುಹಾಕಿ, 'ಹಾಲಿನಿಂದ ತಿಂಗಳಿಗೆ ಸುಮಾರು ನೂರೈವತ್ತು ಗಳಿಸುತ್ತಾರೆ' ಎಂದು ಬರೆದು ಒಯ್ದಳು. ಕುಪ್ಪುಸ್ವಾಮಿ ಹಣೆ ಹಣೆ ಚಚ್ಚಿಕೊಂಡ. "ಇದ್ಯಾರು ಕೇಳಿದ್ರು ಮೇಡಂ? ತಳ್ಳಿ ಹಾಕಿದ್ರೆ?" ಆದರೂ ಕಡತಕ್ಕೆ ಸೇರಿಸಿದ. ಎಂಟು ದಿನ ಆಕೆಗೆ ಊಟ ಸೇರಲಿಲ್ಲ. ಅಷ್ಟು ಗಳಿಕೆಯಲ್ಲಿ ಒಬ್ಬ ಮನುಷ್ಯನ ಜೀವನ ನಡೆಯುವುದಿಲ್ಲ, ತಂಗಿಯೇ ಆಧಾರ ಎಂದು ಮೇಲಿನವರು ಒಪ್ಪಿದರು. ತೆರಿಗೆ ಅರ್ಧಕ್ಕಿಂತ ಕೆಳಗಿಳಿಯಿತು. ಸಂಬಳ ಕೈಗೆ ಬಂತು.

ಕೋದಂಡಪ್ಪನಿಗೆ ಹೇಳಿದಾಗ, "ಒಳ್ಳೇದಾಯ್ತು ಬಿಡಮ್ಮ" ಎಂದ. ಹಾಲಿನ ದುಡ್ಡನ್ನೂ ಎಂದಿನಂತೆಯೇ ಕೊಟ್ಟ. ಮುನಿಸು ತೀರಿತೆಂದು ಆಕೆ ಉಸಿರುಬಿಟ್ಟಳು.

ಮಾರ್ಚ್ ತಿಂಗಳ ಒಂದು ಭಾನುವಾರ ಕಾಮಸಮುದ್ರದಿಂದ ಚಿಕ್ಕಮ್ಮ ಮಂಗಮ್ಮ ಬರೆಸಿದ ಇನ್‌ಲ್ಯಾಂಡ್ ಲೆಟರು, ಟಪಾಲಿನವನು ಹಿಂದಿನ ದಿನ ಪಕ್ಕದ ಮನೆಯಲ್ಲಿ ಕೊಟ್ಟುಹೋಗಿದ್ದು, ಕೋದಂಡಪ್ಪನ ಕೈಸೇರಿತು. ಒಂಬತ್ತು ವರ್ಷದಿಂದ ಅವನಿಗೆ ಬಂದ ಕಾಗದವನ್ನೆಲ್ಲ ಓದಿ ಹೇಳುತ್ತಿದ್ದವಳು ತಂಗಿಯೇ. ವೆಂಕಟರತ್ನಮ್ಮ ಸೊಪ್ಪು ಸೋಸುತ್ತಿದ್ದವಳು ಕೈ ಒರೆಸಿಕೊಂಡು, "ಕೊಡಣ್ಣ, ಓದ್ತೀನಿ" ಎಂದು ಎದ್ದಳು.

"ಬೇಡಮ್ಮ, ನೀನು ಕೆಲಸ ನೋಡ್ಕೊ," ಎಂದ ಕೋದಂಡಪ್ಪ. ಕಾಗದವನ್ನು ಜೇಬಿಗಿಟ್ಟುಕೊಂಡು ಕೋಲು ಹಿಡಿದ. "ಮುನಿಸ್ವಾಮಪ್ಪನ ಟೀ ಅಂಗಡೀಲಿ ಯಾರಾದ್ರೂ ಓದ್ತಾರೆ."

ರೈಲ್ವೆ ಗೇಟಿನತ್ತ ಕೋಲು ಕುಟ್ಟುತ್ತ ಹೋಗುವ ಅಣ್ಣನನ್ನು ನೋಡುತ್ತ ಆಕೆ ಬಾಗಿಲಲ್ಲೇ ನಿಂತಳು.