ಗೌರಕ್ಕನ ಎರಡನೆಯ ಲಿಂಗ

ಹಂದಿಯ ಕಿಡ್ನಿ ಎಂದು ಡಾಕ್ಟರ್ ಸುಲಭಾ ಹೇಳಿದಾಗ ಗುರುಸಿದ್ದಯ್ಯ ಮೊದಲು ಬಾಗಿಲ ಕಡೆ ನೋಡಿದ. ಹೊರಗೆ ಕೂತವರಲ್ಲಿ ತನ್ನೂರು ಅಮ್ಮಿನಬಾವಿಯವರು ಯಾರಾದರೂ ಕೇಳಿಸಿಕೊಂಡಾರೆಂಬ ಅಂಜಿಕೆ. ಊರಿನ ಅರ್ಧ ಮಂದಿಗೆ ಲಿಂಗ ಕಟ್ಟಿದ ಅಯ್ಯ ಅವನು. ಅವನ ಮನೆಯ ಹೊಸ್ತಿಲನ್ನು ತತ್ತಿಯ ಸಿಪ್ಪೆ ಕೂಡ ದಾಟಿದ್ದಿಲ್ಲ.

ಹೆಂಡತಿ ಗೌರಕ್ಕನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಬಸ್ಸು ಹಿಡಿದು ಹುಬ್ಬಳ್ಳಿಯ ಈ ಆಸ್ಪತ್ರೆಗೆ ಬಂದು ಡಯಾಲಿಸಿಸ್ ಮಾಡಿಸಿಕೊಂಡು ಹೋಗುವುದೇ ಸಂಸಾರವಾಗಿತ್ತು. ಗಂಡನ ಕಿಡ್ನಿ ಕೊಡಲು ಸಕ್ಕರೆ ಕಾಯಿಲೆ ಅಡ್ಡ ಬಂತು, ಮಕ್ಕಳಿರಲಿಲ್ಲ, ಸತ್ತವರ ಕಿಡ್ನಿಗೆ ಹಚ್ಚಿದ ಪಾಳಿ ಮುಂದೆ ಸರಿಯಲೊಲ್ಲದು. ಈಗ ಸೂಜಿ ಚುಚ್ಚಲು ಕೈಯಲ್ಲಿ ನರವೂ ಉಳಿದಿರಲಿಲ್ಲ. ಆಗ ಬಂತು ಈ ಹೊಸ ಪ್ರಯೋಗ: ಮನುಷ್ಯರ ಮೈಗೆ ಒಗ್ಗಲೆಂದು ಜೀನು ತಿದ್ದಿ ಬೆಳೆಸಿದ ಹಂದಿ.

“ಇದು ನಮ್ಮ ಗಟಾರದಾಗ ಅಡ್ಡ್ಯಾಡೋ ಹಂದಿ ಅಲ್ರಿ ಅಯ್ನಾರ. ನಮಗಿಂತ ಸ್ವಚ್ಛ ಇರ್ತದ,” ಎಂದರು ಡಾಕ್ಟರು.

“ಎದಿ ಮ್ಯಾಲೆ ಲಿಂಗ, ಹೊಟ್ಟ್ಯಾಗ ಹಂದಿ. ಪೂಜಿಗೆ ಹೆಂಗ ಕುಂದರ್ಲಿ?” ಎಂದಳು ಗೌರಕ್ಕ. “ನಾ ಒಲ್ಲೆರಿ.” ಸೆರಗು ಸರಿಮಾಡಿಕೊಂಡು ಎದ್ದೇಬಿಟ್ಟಳು.

ಗುರುಸಿದ್ದಯ್ಯ ಅವಳ ಹಿಂದೆ ಬಂದು ಬಸ್ಸು ಹತ್ತಿದ. ಅವನಿಗೆ ಗೌರಕ್ಕ ಬದುಕಬೇಕಿತ್ತು, ಅಷ್ಟೇ. ಮನೆ ಮುಟ್ಟುವುದರೊಳಗೆ ಒಂದು ಉಪಾಯ ಹೊಳೆದಿತ್ತು. ಅವರಲ್ಲಿ ಎಂಟು ತಿಂಗಳ ಬಸುರಿಗೆ ಹೊಟ್ಟೆಯೊಳಗಿನ ಕೂಸಿನ ಪಾಲಿನದೆಂದು ಇನ್ನೊಂದು ಲಿಂಗ ಕಟ್ಟುತ್ತಾರೆ. ಕೂಸು ಹುಟ್ಟುವ ತನಕ ತಾಯಿಯ ಮೈಮೇಲೆ ಎರಡು ಲಿಂಗ.

“ಹೊಟ್ಟ್ಯಾಗಿನ ಕೂಸಿಗೆ ಕಟ್ಟಿದಂಗ ಈ ಕಿಡ್ನಿಗೂ ಒಂದು ಲಿಂಗ ಕಟ್ಟತೇನಿ,” ಎಂದ. “ಲಿಂಗ ಬಂತಂದ್ರ ಹಂದಿ ಎಲ್ಲಿ ಉಳೀತು?”

“ಶಾಸ್ತ್ರದಾಗ ಐತೇನ್ರಿ?”

“ಐತಿ.”

ಇರಲಿಲ್ಲ. ಗೌರಕ್ಕ ಅವನ ಮುಖವನ್ನೇ ನೋಡಿದಳು. ಆ ಊರಿನ ಎಷ್ಟೋ ಬಸುರಿಯರಿಗೆ ಗಂಡ ಎರಡನೆಯ ಲಿಂಗ ಕಟ್ಟುವಾಗ ಆರತಿ ತಟ್ಟೆ ಹಿಡಿದು ನಿಂತವಳು ಅವಳು.

“ಹಂಗಾದ್ರ ಕಟ್ರಿ,” ಎಂದಳು.

ಗುರುಸಿದ್ದಯ್ಯ ಅವಳ ಕೊರಳಿಗೆ ಸಣ್ಣದೊಂದು ಎರಡನೆಯ ಲಿಂಗ ಕಟ್ಟಿದ. ಆಪರೇಶನ್ ಆಯಿತು. ಎಚ್ಚರವಾದಾಗ ಮಂಚದ ಪಕ್ಕದ ಚೀಲದಲ್ಲಿ ಮೂತ್ರ ತುಂಬುತ್ತಿರುವುದನ್ನು ಗೌರಕ್ಕ ನೋಡಿದಳು. “ಕೂಸು ಉಚ್ಚಿ ಹೊಯ್ತೇನ್ರಿ?” ಎಂದು ಕೇಳಿದಳು. ನರ್ಸು ನಕ್ಕಳು, ಗುರುಸಿದ್ದಯ್ಯನೂ ನಕ್ಕ. ಗೌರಕ್ಕ ನಗಲಿಲ್ಲ.

ಮನೆಗೆ ಬಂದು ತಂಬಿಗೆ ತುಂಬ ನೀರು ಕುಡಿದಳು. ಗುಳಿಗೆ ನುಂಗುವ ಮುಂದೆ ಹೊಟ್ಟೆಯ ಮೇಲೆ ಕೈಯಿಟ್ಟು “ನೀನೂ ತಗೋಪಾ” ಎನ್ನುವಳು. ಮುದುಕಿಗೆ ಹುಚ್ಚು ಎಂದು ಗಂಡ ಒಳಗೊಳಗೇ ಅಂದುಕೊಂಡ. ಅವಳ ಮುಖಕ್ಕೆ ಕಳೆ ಬಂದಿತ್ತು, ಹುಚ್ಚಿದ್ದರೆ ಇರಲಿ.

ಕೆಲವು ತಿಂಗಳಿಗೆ ಜ್ವರ ಬಂತು, ಕಾಲು ಬಾತವು. “ಮೈ ಒಪ್ಪಲಿಲ್ಲರಿ,” ಎಂದರು ಡಾಕ್ಟರು. “ಲಗೂ ತಗೀಬೇಕು. ಬಿಟ್ರ ಜೀವಕ್ಕ ಅಪಾಯ.”

“ಲಿಂಗ ಕಟ್ಟಿದ ಜೀವರೀ ಅದು. ತಗದು ಒಗ್ಯಾಕ ಕೊಡಂಗಿಲ್ಲ,” ಎಂದು ಗೌರಕ್ಕ ಗೋಡೆಯ ಕಡೆ ಮುಖ ತಿರುಗಿಸಿದಳು.

ಡಾಕ್ಟರು ಗುರುಸಿದ್ದಯ್ಯನ ಮುಖ ನೋಡಿದರು. ಅವನ ಉಪಾಯ ಅವನ ಕೊರಳಿಗೇ ಬಂದಿತ್ತು. ಅವರು ಹೊರಗೆ ಹೋದ ಮೇಲೆ ಗುರುಸಿದ್ದಯ್ಯ ಮಂಚದ ಅಂಚಿಗೆ ಕೂತ. “ನಾ ಸುಳ್ಳ ಹೇಳಿದ್ದೆ. ಅದು ಶಾಸ್ತ್ರದಾಗ ಎಲ್ಲೂ ಇಲ್ಲ. ನೀ ಹೂಂ ಅನ್ಲಿ ಅಂತ ಕಟ್ಟಿದ್ದೆ.”

“ನನಗ ಅವತ್ತ ಗೊತ್ತಾಗಿತ್ತು,” ಎಂದಳು ಗೌರಕ್ಕ, ತಿರುಗದೆಯೇ. “ಮಾತು ಸುಳ್ಳ ಇರಬಹುದು. ಕಟ್ಟಿದ ಲಿಂಗ ಖರೇದಲ್ಲೇನ್ರಿ?”

“ನೀ ಹೋದ್ರ ನಾ ಏನ್ ಮಾಡ್ಲಿ?” ಎಂದುಬಿಟ್ಟ.

ಗೌರಕ್ಕ ಮಗ್ಗುಲು ಬದಲಿಸಿ ಅವನ ಕೈ ಹಿಡಿದಳು. “ತಗೀಲಿ. ಆದ್ರ ಕಸದಾಗ ಹೋಗಬಾರ್ದು. ಊರ ಮಂದಿಗೆ ಮಾಡ್ದಂಗ ನೀವ ಮಣ್ಣ ಮಾಡ್ಬೇಕು.”

ಡಾಕ್ಟರ್ ಸುಲಭಾ ಯಾರು ಯಾರೊಡನೆಯೋ ಜಗಳಾಡಿ, ತೆಗೆದ ಕಿಡ್ನಿಯಲ್ಲಿ ಪರೀಕ್ಷೆಗೆ ಬೇಕಾದಷ್ಟು ಇಟ್ಟುಕೊಂಡು, ಉಳಿದದ್ದನ್ನು ಬಿಗಿದ ಡಬ್ಬಿಯಲ್ಲಿ ಕೊಟ್ಟರು. ಮತ್ತೆ ಡಯಾಲಿಸಿಸ್ ಶುರುವಾಗಿತ್ತು. ಗೌರಕ್ಕ ನಡೆಯುವಷ್ಟಾದ ಮೇಲೆ ಇಬ್ಬರೇ ರುದ್ರಭೂಮಿಗೆ ಹೋದರು. ಗುರುಸಿದ್ದಯ್ಯ ತಾನೇ ಕುಣಿ ತೋಡಿದ.

ಮಣ್ಣು ಮಾಡುವಾಗ ಸತ್ತವರ ಎಡ ಅಂಗೈಯಲ್ಲಿ ಅವರ ಲಿಂಗವನ್ನು ಇಡಬೇಕು. ಸಣ್ಣ ಲಿಂಗ ಹಿಡಿದುಕೊಂಡು ಅವನು ಡಬ್ಬಿಯನ್ನೇ ನೋಡುತ್ತ ನಿಂತ. ಡಬ್ಬಿಗೆ ಎಲ್ಲಿಯ ಅಂಗೈ?

“ಇಲ್ಲಿ ಇಡ್ರಿ,” ಎಂದು ಗೌರಕ್ಕ ತನ್ನ ಎಡಗೈ ಚಾಚಿದಳು. ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ವಿಭೂತಿ ಹಚ್ಚಿ, ಪತ್ರಿ ಏರಿಸಿದಳು. ಆಮೇಲೆ ಡಬ್ಬಿಯನ್ನೂ ಲಿಂಗವನ್ನೂ ಅವನ ಕೈಗೆ ಕೊಟ್ಟಳು.

ಅವನು ಎರಡನ್ನೂ ಕೆಳಗಿಟ್ಟು, ಮಂತ್ರ ಮುಗಿಸಿ, ರೂಢಿಯ ಪ್ರಕಾರ ತಲೆಯೆತ್ತದೆ ಕರೆದ:

“ಕೂಸಿನ ತಂದಿ ಮುಂದ ಬರ್ರಿ. ಮೊದಲಿನ ಹಿಡಿ ನಿಮ್ದು.”

ಯಾರೂ ಬರಲಿಲ್ಲ. ತಲೆಯೆತ್ತಿದರೆ ಎದುರಿಗೆ ಗೌರಕ್ಕ ಒಬ್ಬಳೇ ನಿಂತು ಅವನನ್ನೇ ನೋಡುತ್ತಿದ್ದಳು. ಗುರುಸಿದ್ದಯ್ಯ ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡ. ಆ ಹಿಡಿಯನ್ನು ಬಿಡಲು ಅವನಿಗೆ ಬಹಳ ಹೊತ್ತು ಬೇಕಾಯಿತು.