ಚಾಪೆಯ ಕೆಳಗಿನ ಫೋಲ್ಡರ್

ನಾನು ಮನೆ ಬಿಡುವ ಹೊತ್ತಿಗೆ ಮಗಳಿಗೆ ಎರಡು ಸಲ ಭೇದಿಯಾಗಿತ್ತು. ‘ಸುಸ್ತಾಗಬಾರದು, ನೀರು ಕುಡಿಸ್ತಾ ಇರಿ ಅತ್ತೆ’ ಎಂದು ಹೇಳಿ ಕಂಪ್ಯೂಟರ್ ರಿಪೇರಿಯ ಚೀಲ ಹೆಗಲಿಗೇರಿಸಿದೆ. ಪಕ್ಕದ ಮನೆಯ ಮಗುವಿಗೂ ಅದೇ ಅಂತೆ. ಏನೋ ಸೀಸನ್ ಇರಬೇಕು ಅಂದುಕೊಂಡೆ.

ಊರಿಗೆ ನೀರು ಬಿಡುವ ಪಂಪ್‌ಹೌಸಿನಲ್ಲಿ ಒಂದು ಲಿನಕ್ಸ್ ಕಂಪ್ಯೂಟರ್ ಇದೆ. ನೀರಿನಲ್ಲಿ ಕ್ಲೋರಿನ್ ಎಷ್ಟಿದೆ ಎಂದು ಅಳೆದು, ದಿನಕ್ಕೊಂದು ಫೈಲನ್ನು ನೀರು ಸರಬರಾಜು ಆಫೀಸಿನ ವಿಂಡೋಸ್ ಕಂಪ್ಯೂಟರಿನ ಫೋಲ್ಡರಿಗೆ ಹಾಕುವುದು ಅದರ ಕೆಲಸ. ಆಫೀಸಿನ ಗುಮಾಸ್ತರು ಅದನ್ನು ನೋಡಿ, ಅಂಕಿ ಇಳಿದಿದ್ದರೆ ಫೋನ್ ಮಾಡಬೇಕು. ಫೋನ್ ಬಂದರೆ ಪಂಪಿನವರು ಕ್ಲೋರಿನ್ ಹೆಚ್ಚಿಸಬೇಕು. ಅಲ್ಲಿನ ಪದ್ಧತಿ ಅಷ್ಟೇ.

‘ಪಂಪ್‌ಹೌಸಿಂದ ಫೈಲು ಬರ್ತಿಲ್ಲ ಮೇಡಮ್. ಬಿಡುವಾದಾಗ ನೋಡಿ, ಅರ್ಜೆಂಟೇನಿಲ್ಲ’ ಎಂದು ಗುಮಾಸ್ತರು ಹೇಳಿದ್ದರು.

ಪಂಪ್‌ಹೌಸಿನಲ್ಲಿ ಮೋಟರಿನ ಸದ್ದಿಗೆ ಮೇಜಿನ ಮೇಲಿನ ಟೀ ಲೋಟ ತಾನಾಗಿಯೇ ಜರುಗುತ್ತಿತ್ತು. ಪಂಪಿನವರು ಅದನ್ನು ಹಿಂದಕ್ಕೆ ತಳ್ಳಿ, ‘ಬಾ ತಾಯಿ. ಈ ಪೆಟ್ಟಿಗೆಗೆ ಏನೂ ಆಗಿಲ್ಲ. ಫೈಲೆಲ್ಲ ಬೀಳ್ತಾನೇ ಇದೆ’ ಎಂದರು.

ನೋಡಿದರೆ ನಿಜ. ಆಫೀಸಿನೊಂದಿಗೆ ಹಂಚಿಕೊಂಡ ಫೋಲ್ಡರಿನಲ್ಲಿ ಈ ವಾರದ ಫೈಲುಗಳು ಸಾಲಾಗಿದ್ದವು. ಹಳೆಯ ಒಂದೂ ಇರಲಿಲ್ಲ. ಆಫೀಸಿಗೆ ಫೋನ್ ಹಚ್ಚಿದೆ.

‘ಪಾಸ್‌ವರ್ಡ್ ಏನಾದ್ರೂ ಬದಲಾಯಿಸಿದ್ರಾ?’

‘ಹ್ಞೂಂ. ವಾರದ ಹಿಂದೆ ಕಂಪ್ಯೂಟರೇ ಕೇಳ್ತು, ಬದಲಾಯಿಸ್ದೆ. ಹೆಂಡ್ತಿ ಹುಟ್ಟಿದ ತಾರೀಕು ಹಾಕಿದೀನಿ. ಮರೆತ್ರೆ ಎರಡು ಕಡೆಯಿಂದಲೂ ಬೈಗುಳ.’

ಹೊಸ ಪಾಸ್‌ವರ್ಡ್ ಕೊಟ್ಟ ಕೂಡಲೇ ಫೋಲ್ಡರ್ ಕೂಡಿಕೊಂಡಿತು. ಹಳೆಯ ಫೈಲುಗಳೆಲ್ಲ ಬಂದವು. ಜೊತೆಗೆ ಈ ವಾರದವೂ ಇದ್ದವು. ವಾರವಿಡೀ ಸಂಪರ್ಕವೇ ಇರಲಿಲ್ಲ. ಹಾಗಾದರೆ ಇವನ್ನು ಆಫೀಸಿನ ಫೋಲ್ಡರಿನಲ್ಲಿ ಇಟ್ಟವರು ಯಾರು? ಒಂದೊಂದಾಗಿ ತೆರೆದೆ. ಎಲ್ಲದರಲ್ಲೂ ಅದೇ ಅಂಕಿ, ಅದೇ ಏರಿಳಿತ.

‘ಸರ್, ಈ ವಾರದ ಫೈಲು ನಿಮಗೆ ಎಲ್ಲಿಂದ ಬಂತು?’

ಅತ್ತ ಸ್ವಲ್ಪ ನಗು. ‘ಹೊಸದು ಬರದಿದ್ರೆ ಸ್ಕ್ರೀನ್ ಕೆಂಪಾಗುತ್ತೆ ಮೇಡಮ್. ಸ್ಕ್ರೀನ್ ಕೆಂಪಾದ್ರೆ ಸಾಹೇಬರ ಮುಖವೂ ಕೆಂಪಾಗುತ್ತೆ. ಅದಕ್ಕೇ ಹಳೇದನ್ನೇ ಕಾಪಿ ಮಾಡಿ ತಾರೀಕು ತಿದ್ದಿಟ್ಟೆ. ನೀರು ಅದೇ ನೀರಲ್ವಾ?’

‘ಇವು ಆಫೀಸಿನವರದಾದ್ರೆ, ನಾನು ತೋರಿಸಿದ ಫೈಲೆಲ್ಲ ಎಲ್ಲಿ ಹೋಯ್ತು ತಾಯಿ?’ ಎಂದು ಪಂಪಿನವರು ಹಿಂದಿನಿಂದ ಕೇಳಿದರು.

ಎಲ್ಲಿಯೂ ಹೋಗಿರಲಿಲ್ಲ. ಆಫೀಸಿನ ಫೋಲ್ಡರ್ ಇಲ್ಲಿನ ಖಾಲಿ ಫೋಲ್ಡರಿನ ಮೇಲೆ ಚಾಪೆಯ ಹಾಗೆ ಹಾಸಿಕೊಳ್ಳುತ್ತದೆ. ಪಾಸ್‌ವರ್ಡ್ ತಪ್ಪಾಗಿ ಚಾಪೆ ಹಾಸದೇ ಹೋದಾಗ, ಈ ಕಂಪ್ಯೂಟರ್ ಚಕಾರವೆತ್ತದೆ ಬರಿನೆಲದ ಮೇಲೇ ಫೈಲು ಇಡುತ್ತಾ ಹೋಗಿತ್ತು. ಈಗ ಚಾಪೆ ಅವುಗಳ ಮೇಲೆ ಬಿದ್ದಿತ್ತು.

ಸಂಪರ್ಕ ಬಿಡಿಸಿದೆ. ಅಡಿಯಲ್ಲಿದ್ದವು ಮತ್ತೆ ಕಂಡವು. ಮೊದಲ ದಿನ ಕ್ಲೋರಿನ್ ಅರ್ಧಕ್ಕಿಳಿದಿತ್ತು. ಆಮೇಲೆ ಅದರರ್ಧ. ಆಮೇಲೆ ಸೊನ್ನೆ. ಅಲ್ಲಿಂದ ಇವತ್ತಿನವರೆಗೂ ಬರೀ ಸೊನ್ನೆ.

‘ಅಣ್ಣಾ, ಇದನ್ನ ನೀವು ನೋಡ್ಲಿಲ್ವಾ?’

‘ಅಂಕಿ ನೋಡೋದು ಆಫೀಸಿನವರ ಕೆಲಸ. ಫೋನ್ ಬರ್ಲಿಲ್ಲ ಅಂದ್ರೆ ಎಲ್ಲ ಸರಿಯಿದೆ ಅಂತ ತಾನೇ’ ಎನ್ನುತ್ತಲೇ ಅವರು ಕ್ಲೋರಿನ್ ಡ್ರಮ್ಮಿನ ಕಡೆ ನಡೆದರು. ಮುಚ್ಚಳ ತೆಗೆದು ಕೊಳವೆ ಎಳೆದರು. ಅದರ ಬಾಯಿಗೆ ಬಿಳಿ ಸುಣ್ಣದಂಥದ್ದು ಗಟ್ಟಿಯಾಗಿ ಕಚ್ಚಿತ್ತು. ಡ್ರಮ್ಮು ತುಂಬಿದ್ದು ತುಂಬಿದಂತೆಯೇ ಇತ್ತು.

ಮನೆಗೆ ಫೋನ್ ಮಾಡಿದೆ.

‘ನೀನು ಹೇಳಿದ ಹಾಗೇ ಕುಡಿಸ್ತಿದೀನಿ ಕಣೆ’ ಎಂದರು ಅತ್ತೆ. ‘ಕಾಯಿಸಿದ್ದು ಬೇಡವಂತೆ, ನಲ್ಲೀದೇ ಬೇಕಂತೆ. ಪಾಪ, ಎಷ್ಟು ಕೊಟ್ರೂ ದಾಹ. ಈಗ ಎದ್ದು ಕೂರೋಕೂ ಆಗ್ತಿಲ್ಲ.’

‘ಅತ್ತೆ, ಆ ಲೋಟ ಕೆಳಗಿಡಿ. ನಲ್ಲೀದು ಒಂದು ಹನಿಯೂ ಬೇಡ, ಕಾಯಿಸಿದ್ದೇ ಕೊಡಿ. ಪಕ್ಕದ ಮನೆಗೂ ಹೇಳಿ. ಆಟೋ ಕರೆಸಿ ಅವಳನ್ನ ಆಸ್ಪತ್ರೆಗೆ ಕರ್ಕೊಂಡು ಹೊರಡಿ, ನಾನು ಅಲ್ಲಿಗೇ ಬರ್ತೀನಿ.’

ಮೋಟರ್ ತನ್ನ ಪಾಡಿಗೆ ತಾನು ನೀರು ತಳ್ಳುತ್ತಿತ್ತು. ‘ಮೊದಲು ಇದನ್ನ ನಿಲ್ಲಿಸಿ’ ಎಂದೆ.

ಪಂಪಿನವರ ಕಣ್ಣು ಗೋಡೆಯ ಫೋನಿನ ಮೇಲಿತ್ತು. ‘ಆಫೀಸಿಂದ ಹೇಳದೆ ನಿಲ್ಲಿಸೋ ಹಾಗಿಲ್ಲ ತಾಯಿ.’

ನಾನೇ ಹೋಗಿ ಕೆಂಪು ಗುಂಡಿ ಒತ್ತಿದೆ. ಸದ್ದು ನಿಂತಿತು, ಟೀ ಲೋಟ ಜರುಗುವುದೂ ನಿಂತಿತು.

ಸ್ವಲ್ಪ ಹೊತ್ತಿನಲ್ಲೇ ಆಫೀಸಿನಿಂದ ಫೋನ್ ಬಂತು: ‘ನಲ್ಲೀಲಿ ನೀರು ನಿಂತಿದೆಯಂತೆ, ಯಾಕೆ?’